ಫಲಕದ ಹೆಸರೂ ಮಗುವಿನ ಕೈಯೂ

ನಮ್ಮ ಪಟ್ಟಣಗಳಲ್ಲಿ ‘ಮಾಂಟೆಸ್ಸರಿ’ ಎಂಬ ಫಲಕ ಈಗ ಬೀದಿಬೀದಿಯಲ್ಲಿಯೂ ಕಾಣಸಿಗುತ್ತದೆ. ಆ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲವಾದ್ದರಿಂದ ಬೇಕಾದವರು ಬರೆಸಿಕೊಳ್ಳುತ್ತಾರೆ. ಆದರೆ ಮೂರು ವರ್ಷದ ಕೂಸಿನ ಕೈಗೆ ಪೆನ್ಸಿಲು ಕೊಟ್ಟು ಪುಟಗಟ್ಟಲೆ ತಿದ್ದಿಸಿ, ಸಾಲದುದಕ್ಕೆ ಮನೆಗೂ ಬರವಣಿಗೆ ಕಳುಹಿಸುವ ಶಾಲೆಗೆ ಈ ಹೆಸರು ಸಲ್ಲದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಮರಿಯ ಮಾಂಟೆಸ್ಸರಿಯವರು 1896ರಲ್ಲಿ ರೋಮ್ ವಿಶ್ವವಿದ್ಯಾನಿಲಯದಿಂದ ಪದವಿ ಪಡೆದ ವೈದ್ಯೆ. 1907ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಅವರು ‘ಮಕ್ಕಳ ಮನೆ’ಯನ್ನು ತೆರೆದರು. ತಂದೆತಾಯಂದಿರು ಕೆಲಸಕ್ಕೆ ಹೋದಾಗ ಮಕ್ಕಳು ದುರಸ್ತಿಯಾದ ಗೋಡೆಗಳನ್ನು ಕೆಡಿಸದಿರಲಿ ಎಂಬುದು ಕಟ್ಟಡದವರ ಲೆಕ್ಕಾಚಾರ. ಮಾಂಟೆಸ್ಸರಿಯವರಾದರೋ ಬೋಧಿಸುವುದಕ್ಕಿಂತ ಹೆಚ್ಚಾಗಿ ಮಕ್ಕಳನ್ನು ಗಮನಿಸಿದರು. ತಾನೇ ಆರಿಸಿಕೊಂಡ ಕೆಲಸವನ್ನು ಮಗು ಬೇಸರವಿಲ್ಲದೆ ಮತ್ತೆ ಮತ್ತೆ ಮಾಡುತ್ತ ತನ್ಮಯವಾಗುವುದನ್ನು ಕಂಡರು.

ಅವರ ಪದ್ಧತಿಯಲ್ಲಿ ಪೆನ್ಸಿಲಿಗಿಂತ ಮೊದಲು ಬಹಳಷ್ಟು ನಡೆಯಬೇಕು. ಪುಟ್ಟ ಹಿಡಿಯುಳ್ಳ ಮರದ ಉರುಳೆಗಳನ್ನು ಮೂರು ಬೆರಳುಗಳಿಂದೆತ್ತಿ ತಕ್ಕ ಕುಳಿಗಳಲ್ಲಿ ಇಡುವ ಮಗು ನೋಡುವವರಿಗೆ ಆಡುತ್ತಿರುವಂತೆ ತೋರುತ್ತದೆ. ಅದು ದಪ್ಪ-ತೆಳುಗಳ ಭೇದವನ್ನು ಅರಿಯುತ್ತಿದೆ. ಮುಂದೆ ಲೇಖನಿ ಹಿಡಿಯಬೇಕಾದ ಅದೇ ಬೆರಳುಗಳನ್ನು ಪಳಗಿಸುತ್ತಿದೆ. ತಪ್ಪಿದರೆ ಕೊನೆಗೊಂದು ಉರುಳೆ ಜಾಗವಿಲ್ಲದೆ ಉಳಿಯುತ್ತದೆ, ಶಿಕ್ಷಕಿ ಗದರಬೇಕಾಗಿಲ್ಲ. ಅನಂತರವೇ ಮರಳುಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರಗಳು: ಧ್ವನಿಯನ್ನು ಉಚ್ಚರಿಸುತ್ತ ಮಗು ಅವುಗಳ ಮೇಲೆ ಬೆರಳಾಡಿಸುತ್ತದೆ. ಕೂಲಿಮಠಗಳಲ್ಲಿ ನಮ್ಮ ಹಿರಿಯರೂ ಮರಳಿನ ಮೇಲೆ ಬೆರಳಿನಿಂದಲೇ ತಿದ್ದಿದವರಾದ್ದರಿಂದ ಇದು ನಮಗೆ ತೀರ ಪರಕೀಯವೇನಲ್ಲ. ಇಂದ್ರಿಯಗಳ ಮೂಲಕ ಬಾರದ ಯಾವುದೂ ಬುದ್ಧಿಯನ್ನು ಸೇರದೆಂದು, ಅರಿಸ್ಟಾಟಲನ ಜಾಡಿನಲ್ಲಿ, ಸಂತ ತೋಮಸ್ ಅಕ್ವಿನಾಸರೂ ಒಪ್ಪಿದ್ದರು. ಗುರುಮಠದಲ್ಲಿ ನಾವು ಅದನ್ನು ಲತೀನ್ ಸೂತ್ರವಾಗಿ ಬಾಯಿಪಾಠ ಮಾಡಿದೆವು. ಮಗು ಕೈಯಿಂದಲೇ ಸಾಧಿಸಿ ತೋರಿಸುತ್ತದೆ.

ಥಿಯೊಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಈ ಕಥೋಲಿಕ ಮಹಿಳೆ, ಮಹಾಯುದ್ಧದ ದೆಸೆಯಿಂದ 1946ರವರೆಗೆ ಭಾರತದಲ್ಲೇ ಉಳಿದು ಇಲ್ಲಿಯ ಶಿಕ್ಷಕರನ್ನು ತರಬೇತುಗೊಳಿಸಿದರು. ಆದುದರಿಂದ ಈ ಪದ್ಧತಿಯನ್ನು ಕಲಿಯಲು ಅವಕಾಶವೇ ಇರಲಿಲ್ಲ ಎನ್ನುವಂತಿಲ್ಲ.

ದೋಷವೆಲ್ಲ ಶಾಲೆಗಳದೇ ಎಂದೂ ನಾವು ಹೇಳೆವು. “ಪಕ್ಕದ ಮನೆಯ ಮಗು ಆಗಲೇ ನೂರರವರೆಗೆ ಬರೆಯುತ್ತದೆ, ನಮ್ಮದು ಇನ್ನೂ ಮಣಿ ಪೋಣಿಸುತ್ತಿದೆಯಲ್ಲ ಫಾದರ್” ಎಂದು ತಾಯಂದಿರು ಅಳಲುತ್ತಾರೆ. ತುಂಬಿದ ಪುಸ್ತಕವನ್ನು ಕಂಡರೆ ಮಾತ್ರ ಕೊಟ್ಟ ಶುಲ್ಕ ಸಾರ್ಥಕವೆನ್ನುವ ಪೋಷಕರಿರುವಾಗ ಶಾಲೆ ಪುಸ್ತಕವನ್ನೇ ತುಂಬಿಸುತ್ತದೆ. ಧರ್ಮಕೇಂದ್ರಗಳ ಶಾಲೆಗಳೂ ಈ ಪೈಪೋಟಿಗೆ ಹೊರತಲ್ಲ. ಮೂರರಿಂದ ಎಂಟು ವರ್ಷದವರೆಗಿನದು ಆಟ-ಚಟುವಟಿಕೆಗಳ ಮೂಲಕ ಕಲಿಯುವ ಬುನಾದಿಯ ಹಂತವೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿತು. ಆದರೆ ನೆರೆಮನೆಯ ಮಗುವಿನೆದುರು ನೀತಿಯ ಮಾತು ಯಾರಿಗೆ ಬೇಕು!

ಶುಲ್ಕ ಕಟ್ಟುವ ಮುನ್ನ ಬೆಳಗಿನ ಹೊತ್ತು ಒಂದು ತಾಸು ತರಗತಿಯ ಮೂಲೆಯಲ್ಲಿ ಕುಳಿತು ನೋಡಲು ಅನುಮತಿ ಕೇಳಿರಿ. ಮಾಂಟೆಸ್ಸರಿ ಕೊಠಡಿಯಲ್ಲಿ ಮೂರರಿಂದ ಆರು ವರ್ಷದವರು ಒಟ್ಟಿಗೇ ಇರುತ್ತಾರೆ. ಹಿರಿಯ ಮಗು ಕಿರಿಯದಕ್ಕೆ ದಾರಿ ತೋರುತ್ತದೆ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಕೆಲಸವಿರುತ್ತದೆ. ಎಲ್ಲರೂ ಸಾಲಾಗಿ ಕುಳಿತು ಒಂದೇ ಸ್ವರದಲ್ಲಿ ಒಪ್ಪಿಸುತ್ತಿದ್ದರೆ, ಹೊರಗಿನ ಫಲಕವನ್ನು ಮರೆತುಬಿಡಿ.

ಹಣವಿಲ್ಲದವರು ಕೊರಗಬೇಕಾಗಿಲ್ಲ. ಬೆರೆತ ಕಾಳುಗಳನ್ನು ಬೇರ್ಪಡಿಸುವುದು, ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು ಇವೆಲ್ಲ ಆ ಪದ್ಧತಿಯ ಪಾಠಗಳೇ. ನೀರು ಚೆಲ್ಲಿದರೆ ಒರೆಸುವ ಬಟ್ಟೆಯನ್ನು ಮಗುವಿನ ಕೈಗೇ ಕೊಡಿರಿ. ಗುಂಡಿ ಹಾಕುವಷ್ಟರಲ್ಲಿ ಭಾನುವಾರದ ಪೂಜೆಗೆ ತಡವಾಗುವುದಾದರೆ, ನೀವೇ ಹಾಕಿಬಿಡುವ ಬದಲು ಮಗುವನ್ನು ಹತ್ತು ನಿಮಿಷ ಮೊದಲೇ ಎಬ್ಬಿಸಿರಿ.