ಬ್ಯಾಂಕಿನ ಸೇಲ್ಸ್ ಇಂಟರ್ನ್‌ಶಿಪ್: ಒಪ್ಪುವ ಮೊದಲು

ಎಂಬಿಎ ಮೊದಲ ವರ್ಷ ಮುಗಿಯುವ ಹೊತ್ತಿಗೆ ಅನೇಕ ವಿದ್ಯಾರ್ಥಿಗಳ ಕೈಗೆ ಬರುವುದು ಖಾಸಗಿ ಬ್ಯಾಂಕೊಂದರ ಮಾರಾಟ ವಿಭಾಗದಲ್ಲಿ ಆರರಿಂದ ಎಂಟು ವಾರಗಳ ಇಂಟರ್ನ್‌ಶಿಪ್. ಫೈನಾನ್ಸ್ ಓದಿಯೂ ಖಾತೆ ತೆರೆಸಲು ಅಂಗಡಿ ಅಂಗಡಿ ಅಲೆಯಬೇಕೇ ಎಂಬ ಬೇಸರ ಸಹಜ. ಆದರೆ ಈ ಅಲೆದಾಟದಿಂದ ಬ್ಯಾಂಕಿಗೆ ಏನು ಸಿಗುತ್ತದೆ ಎಂಬುದು ಗೊತ್ತಿದ್ದರೆ ತೀರ್ಮಾನ ಸುಲಭ.

ಬ್ಯಾಂಕು ಸಾಲವಾಗಿ ಕೊಡುವ ಹಣದಲ್ಲಿ ಬಹುಪಾಲು ಠೇವಣಿದಾರರದ್ದು. ಅದಕ್ಕೆ ಬಡ್ಡಿ ತೆರಬೇಕು. ನಿಶ್ಚಿತ ಠೇವಣಿಗೆ, ಅಂದರೆ ಎಫ್‌ಡಿಗೆ, ಶೇ 6.5 ಬಡ್ಡಿ ಎಂದುಕೊಳ್ಳಿ. ಒಂದು ಲಕ್ಷಕ್ಕೆ ವರ್ಷಕ್ಕೆ 6,500 ರೂಪಾಯಿ ಖರ್ಚಾಯಿತು. ಅದೇ ಹಣ ಶೇ 2.5 ಬಡ್ಡಿಯ ಉಳಿತಾಯ ಖಾತೆಯಲ್ಲಿದ್ದರೆ 2,500 ಸಾಕು. ವ್ಯಾಪಾರಿಗಳ ಚಾಲ್ತಿ ಖಾತೆಗೆ ಸಾಮಾನ್ಯವಾಗಿ ಬಡ್ಡಿಯೇ ಇಲ್ಲ. ಈ ಎರಡೂ ಬಗೆಯ ಖಾತೆಗಳನ್ನು ಸೇರಿಸಿ ಬ್ಯಾಂಕಿನವರು ‘ಕಾಸಾ’ ಎನ್ನುತ್ತಾರೆ. ಇಂಟರ್ನ್‌ಗೆ ಕೊಡುವ ಟಾರ್ಗೆಟ್ಟಿನ ಮೂಲ ಈ ಲೆಕ್ಕದಲ್ಲಿದೆ.

ಮನೆಬಾಗಿಲಿಗೆ ಹೋಗಿ ಹಣ ಕೇಳುವುದು ಕರಾವಳಿಗೆ ಹೊಸದಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ ಎರಡಾಣೆಯಂಥ ಮೊತ್ತವನ್ನೂ ಏಜೆಂಟರ ಮೂಲಕ ಸಂಗ್ರಹಿಸಿತ್ತು. ಇದನ್ನು ಕೀಳು ಕೆಲಸವೆಂದು ತಿಳಿಯುವವರು ನಮ್ಮದೇ ಬ್ಯಾಂಕಿಂಗ್ ಚರಿತ್ರೆಯನ್ನು ಮರೆತಿರುತ್ತಾರೆ.

ಟಾರ್ಗೆಟ್ಟು ಖಾತೆಯದಲ್ಲ, ವಿಮೆಯದಾದರೆ ಕಥೆ ಬೇರೆ. ಅಲ್ಲಿ ಬ್ಯಾಂಕು ಇನ್ನೊಂದು ಕಂಪನಿಯ ಪಾಲಿಸಿ ಮಾರಿ ಕಮಿಷನ್ ಪಡೆಯುತ್ತದೆ. ಗ್ರಾಹಕ ಎರಡೇ ವರ್ಷಕ್ಕೆ ಕಂತು ನಿಲ್ಲಿಸಿದರೆ ನಷ್ಟ ಹೆಚ್ಚಾಗಿ ಅವನದೇ. ಅದಕ್ಕೇ ವಿಮೆ ಮಾರಲು ತರಬೇತಿ, ಪರೀಕ್ಷೆ, ಪ್ರಮಾಣಪತ್ರ ಬೇಕು. ಮ್ಯೂಚುವಲ್ ಫಂಡ್ ಮಾರಾಟಕ್ಕೂ ಪ್ರತ್ಯೇಕ ಪರೀಕ್ಷೆ ಇದೆ. ಇವು ಇಲ್ಲದ ಇಂಟರ್ನ್ ಆಸಕ್ತರ ಹೆಸರು, ಅಂದರೆ ‘ಲೀಡ್’, ತಂದುಕೊಡಬಹುದೇ ಹೊರತು ಪಾಲಿಸಿ ಕೊಳ್ಳಿ ಎಂದು ಸಲಹೆ ಕೊಡುವಂತಿಲ್ಲ.

ಇಂಟರ್ನ್ ಕಲಿಯುವುದೆಷ್ಟು ಎಂಬುದು ಅವನು ಯಾರ ಬಳಿ ಹೋಗುತ್ತಾನೆ ಎಂಬುದರ ಮೇಲೆ ನಿಂತಿದೆ. ಒಬ್ಬ ಹಾರ್ಡ್‌ವೇರ್ ಅಂಗಡಿಯವನು ಎರಡು ಬ್ಯಾಂಕುಗಳಲ್ಲಿ ಚಾಲ್ತಿ ಖಾತೆ ಏಕೆ ಇಟ್ಟಿದ್ದಾನೆ, ಓವರ್‌ಡ್ರಾಫ್ಟ್ ಯಾವ ತಿಂಗಳು ಬೇಕಾಗುತ್ತದೆ, ಅವನ ಕೆವೈಸಿ ಕಾಗದ ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದು ತರಗತಿಯಲ್ಲಿ ತಿಳಿಯುವುದಿಲ್ಲ. ಚಿಕ್ಕಪ್ಪ, ಸೋದರತ್ತೆ, ಹಾಸ್ಟೆಲ್ ಗೆಳೆಯರ ಹೆಸರಲ್ಲಿ ಖಾತೆ ತೆರೆಸಿದರೆ ಟಾರ್ಗೆಟ್ ಮುಟ್ಟಬಹುದು, ಕಲಿಕೆ ಇಲ್ಲ. ಕನಿಷ್ಠ ಸರಾಸರಿ ಶಿಲ್ಕು ಕಾಯ್ದುಕೊಳ್ಳದ ಖಾತೆಯಾದರೆ ದಂಡ ಕಟ್ಟುವವರೂ ಆ ನೆಂಟರೇ.

ಹಾಗಾಗಿ ಆಫರ್ ಪತ್ರ ಕೈಗೆ ಬಂದಾಗ ಬ್ಯಾಂಕಿನ ಹೆಸರಿಗಿಂತ ಮೊದಲು ಮಾರಬೇಕಾದ ಸರಕು ಯಾವುದೆಂದು ನೋಡಿ. ಸ್ಟೈಪೆಂಡ್ ನಿಗದಿಯಾಗಿದೆಯೋ ಟಾರ್ಗೆಟ್ಟಿಗೆ ತಳುಕು ಹಾಕಿಕೊಂಡಿದೆಯೋ ಕೇಳಿ. ಹೋದ ವರ್ಷ ಅಲ್ಲಿಗೇ ಹೋಗಿದ್ದ ಸೀನಿಯರ್ ಸಿಕ್ಕರೆ, ಗ್ರಾಹಕರ ಪಟ್ಟಿಯನ್ನು ಶಾಖೆ ಕೊಟ್ಟಿತೋ ಅಥವಾ ಅವರೇ ಫೋನಿನ ಕಾಂಟ್ಯಾಕ್ಟ್ ಹುಡುಕಿಕೊಂಡರೋ ವಿಚಾರಿಸಿ. ಶಾಖೆಯ ಅಧಿಕಾರಿಯ ಜೊತೆ ವ್ಯಾಪಾರಿಗಳನ್ನು ಕಾಣುವ, ನಿಗದಿತ ಸ್ಟೈಪೆಂಡಿನ ಕೆಲಸವಾದರೆ, ಮುಂದೆ ಸೇಲ್ಸ್‌ಗೆ ಹೋಗುವ ಮನಸ್ಸಿಲ್ಲದವರೂ ಒಪ್ಪಬಹುದು ಎಂಬುದು ನನ್ನ ಅಭಿಪ್ರಾಯ. ನೆಂಟರಿಗೆ ಪಾಲಿಸಿ ಮಾಡಿಸಿದರಷ್ಟೇ ಸ್ಟೈಪೆಂಡ್ ಎನ್ನುವುದಾದರೆ ಬೇಡ. ಆ ಬೇಸಿಗೆಯಲ್ಲಿ ಊರಿನ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕುಳಿತು ಜಿಎಸ್‌ಟಿ ರಿಟರ್ನ್ ತುಂಬುವುದನ್ನು ಕಲಿತರೂ ಅದಕ್ಕಿಂತ ಮೇಲು.