ಬಡತನದ ಬೇರುಗಳು

ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಬಡತನಕ್ಕೆ ಜನರ ಆಲಸ್ಯವೇ ಕಾರಣವೆಂದು ಕುರ್ಚಿಯಲ್ಲಿ ಕುಳಿತು ನುಡಿಯುವವರು ಇಂದಿಗೂ ಉಂಟು. ಇದನ್ನು ನಾವು ಒಪ್ಪಲಾರೆವು. ಹಿಂಗಾರಿ ಜೋಳ ಕಡಲೆಗಳನ್ನು ನಂಬಿದ ಎರೆಹೊಲದ ಒಕ್ಕಲಿಗನು ಒಂದು ಮಳೆ ತಪ್ಪಿದರೆ ಸಾಲಗಾರನಾಗುವನು. ಎರಡು ತಪ್ಪಿದರೆ ಮಕ್ಕಳನ್ನು ಶಾಲೆ ಬಿಡಿಸಿ ಗೋವೆಗೋ ಮಂಗಳೂರಿಗೋ ಗುಳೆ ಹೋಗುವನು. ಕಾಲುವೆ ಬಂದ ಮಾತ್ರಕ್ಕೆ ಈ ಕಷ್ಟ ಕಳೆಯಲಿಲ್ಲ. ಮಲಪ್ರಭೆಯ ನೀರು ಸರಿಯಾಗಿ ತಲುಪದ ಹೊಲಗಳಿಗೂ ಅಭಿವೃದ್ಧಿ ಕರವನ್ನು ಹೇರಿದರೆಂದೇ 1980ರ ಜುಲೈ 21ರಂದು ನರಗುಂದದಲ್ಲಿ ರೈತರು ಸಿಡಿದೆದ್ದರು. ಗೋಲೀಬಾರಿಗೆ ರೈತನ ಪ್ರಾಣ ಬಲಿಯಾಯಿತು. 2019ರಲ್ಲಿ ಅದೇ ಹೊಳೆಯು ಉಕ್ಕಿ ಕೊಣ್ಣೂರು, ಹೊಳೆಆಲೂರುಗಳ ಮನೆಗಳನ್ನು ಹೊಕ್ಕಿತು.

ಪಟ್ಟಣದ ಬಡತನದ ಬೇರು ಬೇರೆ. ಗಜೇಂದ್ರಗಡದ ನೇಕಾರನಿಗೆ ಮಳೆಯ ಹಂಗಿಲ್ಲ. ನೂಲಿನ ಬೆಲೆಯ ಹಂಗುಂಟು. ಸೀರೆಯನ್ನು ಕೈಮಗ್ಗಕ್ಕೆ ಮೀಸಲಿಡಲು 1985ರ ಕಾಯಿದೆಯಿದ್ದರೂ ವಿದ್ಯುತ್‌ಮಗ್ಗದ ಅಗ್ಗದ ಸೀರೆಯು ಅವನ ಪೇಟೆಯನ್ನು ಕಸಿದಿದೆ. ಹಳ್ಳಿಯವನಿಗೆ ಹಿತ್ತಲ ಸೊಪ್ಪು, ಮನೆಯ ಹೈನು ಇದ್ದಾವು. ಇವನು ಬಾಡಿಗೆಯಿಂದ ಉಪ್ಪಿನವರೆಗೆ ಎಲ್ಲಕ್ಕೂ ರೊಕ್ಕ ಎಣಿಸಬೇಕು. ಇಬ್ಬರನ್ನೂ ಸಮನಾಗಿ ಕೆಡಹುವವು ಎರಡು: ದುಡಿಯುವವನ ಕಾಯಿಲೆ, ಮದುವೆಯ ಸಾಲ.

ಪಡಿತರ ಚೀಟಿಯು ಹಸಿವನ್ನು ತಡೆದೀತು. ಹಸಿವಿನ ಕಾರಣವನ್ನು ತಡೆಯದು. ಯಾರು ಬಡವರೆಂದು ಬರೆದುಕೊಳ್ಳುವ ಅಧಿಕಾರಿಗಳು, ಏಕೆ ಬಡವರಾದರೆಂಬುದನ್ನೂ ಮನೆಮನೆಗೆ ಹೋಗಿ ಬರೆದುಕೊಳ್ಳತಕ್ಕದ್ದು. ಒಕ್ಕಲಿಗನಿಗೆ ಕಾಲಕ್ಕೆ ನೀರು, ನೇಕಾರನಿಗೆ ನ್ಯಾಯದ ಬೆಲೆಗೆ ನೂಲು, ಇಬ್ಬರಿಗೂ ಸಮೀಪದಲ್ಲಿ ವೈದ್ಯನು ದೊರೆಯಬೇಕು. ಇದು ದಾನವಲ್ಲ, ಸರಕಾರದ ಋಣ. ರೋಗವನ್ನರಿಯದೆ ಊರಿಗೆಲ್ಲ ಒಂದೇ ಕಷಾಯ ಹಂಚುವ ವೈದ್ಯನನ್ನು ಯಾವ ಊರೂ ಬಹುಕಾಲ ನಂಬದು.