ಪೆಂಗ್ವಿನ್ ಮರಿಗಳನ್ನು ಎಣಿಸುವುದೂ ವಿಜ್ಞಾನವೇ

ಪೆಂಗ್ವಿನ್ ಎಂದೊಡನೆ ನಮಗೆಲ್ಲ ನೆನಪಾಗುವುದು ಹಿಮ. ಆದರೆ ಎಲ್ಲ ಪೆಂಗ್ವಿನ್‌ಗಳೂ ಹಿಮದ ಮೇಲೆ ಬದುಕುವುದಿಲ್ಲ. ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದ ಕಡಲತೀರದಲ್ಲಿ ಪುಂಟಾ ಟೊಂಬೊ ಎಂಬ ಜಾಗವಿದೆ. ಅದು ಕುರುಚಲು ಗಿಡಗಳ ಒಣನೆಲ, ಮಳೆಯೂ ಕಡಿಮೆ. ಪ್ರತಿ ವರ್ಷ ಸೆಪ್ಟೆಂಬರ್ ಹೊತ್ತಿಗೆ ಲಕ್ಷಾಂತರ ಮೆಗೆಲ್ಲಾನಿಕ್ ಪೆಂಗ್ವಿನ್‌ಗಳು ಸಮುದ್ರದಿಂದ ಇಲ್ಲಿಗೆ ಬರುತ್ತವೆ. ಪೊದೆಯ ಕೆಳಗೋ ನೆಲದ ಬಿಲದಲ್ಲೋ ಗೂಡು ಮಾಡಿ, ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತವೆ.

ಅಮೆರಿಕದ ಜೀವವಿಜ್ಞಾನಿ ಡೀ ಬೋರ್ಸ್ಮಾ 1982ರಲ್ಲಿ ಇಲ್ಲಿ ಕೆಲಸ ಆರಂಭಿಸಿದರು. ಆ ಕಾಲದಲ್ಲಿ ಜಪಾನಿನ ಕಂಪನಿಯೊಂದು ಈ ಹಕ್ಕಿಗಳನ್ನು ಕೊಂದು ಚರ್ಮದಿಂದ ಕೈಗವಸು, ಕೊಬ್ಬಿನಿಂದ ಎಣ್ಣೆ ತಯಾರಿಸಲು ಅನುಮತಿ ಕೇಳಿತ್ತು. ಆ ಯೋಜನೆ ನಿಂತುಹೋಯಿತು. ಆದರೆ ಬೋರ್ಸ್ಮಾ ಅವರ ಕೆಲಸ ನಿಲ್ಲಲಿಲ್ಲ. ಅವರೂ ಅವರ ತಂಡದವರೂ ಗೂಡುಗಳಿಗೆ ಗುರುತು ಹಾಕಿದರು. ಹಕ್ಕಿಯ ರೆಕ್ಕೆಗೆ ಸಂಖ್ಯೆ ಕೊರೆದ ಲೋಹದ ಪಟ್ಟಿ ತೊಡಿಸಿದರು. ಮರಿಗಳನ್ನು ಹಿಡಿದು ತೂಗಿದರು (ಪೆಂಗ್ವಿನ್ ಕಚ್ಚುತ್ತದೆ, ಚೆನ್ನಾಗಿಯೇ ಕಚ್ಚುತ್ತದೆ!). ಮರಿ ಸತ್ತರೆ ಏಕೆ ಸತ್ತಿತು ಎಂದು ನೋಡಿ ಬರೆದಿಟ್ಟರು. ಮರುವರ್ಷ ಮತ್ತೆ ಇದೇ ಕೆಲಸ. ಅದರ ಮರುವರ್ಷವೂ ಇದೇ.

ಇಷ್ಟು ಬೇಸರದ ಕೆಲಸವೂ ವಿಜ್ಞಾನವೇ ಎಂದು ನೀವು ಕೇಳಬಹುದು. ಇದೇ ವಿಜ್ಞಾನ ಎಂಬುದು ನನ್ನ ಅಭಿಪ್ರಾಯ. ಏಕೆಂದು ನೋಡಿ.

ಚಿಕ್ಕ ಮರಿಗಳ ಮೈಮೇಲೆ ಮೃದುವಾದ ತುಪ್ಪಳವಿರುತ್ತದೆ. ಅದು ಬೆಚ್ಚಗಿಡುತ್ತದೆ, ಆದರೆ ನೀರನ್ನು ತಡೆಯುವುದಿಲ್ಲ. ಮಳೆಗೆ ನೆನೆದರೆ ಮೈ ತಣ್ಣಗಾಗಿ ಮರಿ ಸಾಯುತ್ತದೆ. ತೀರಾ ಎಳೆಯ ಮರಿಯನ್ನು ತಾಯಿಯೋ ತಂದೆಯೋ, ನಮ್ಮ ಕೋಳಿಯಂತೆ, ಹೊಟ್ಟೆಯಡಿಯಲ್ಲಿ ಮುಚ್ಚಿಕೊಳ್ಳುತ್ತದೆ. 9ರಿಂದ 23 ದಿನಗಳ ಮರಿಗೆ ಮಾತ್ರ ದೊಡ್ಡ ಕಷ್ಟ. ತಾಯಿಯ ಅಡಿಯಲ್ಲಿ ಹಿಡಿಸಲಾರದಷ್ಟು ಅದು ಬೆಳೆದಿರುತ್ತದೆ, ನೀರು ತಡೆಯುವ ಗರಿ ಇನ್ನೂ ಬಂದಿರುವುದಿಲ್ಲ. ಮರಿಗಳೆಲ್ಲ ಹೀಗೆ ಚಿಕ್ಕವಿರುವ ಡಿಸೆಂಬರ್ ಮೊದಲ ಎರಡು ವಾರಗಳಲ್ಲೇ ಬಿರುಮಳೆಗಳು ಹೆಚ್ಚುತ್ತಿವೆ ಎಂದು 1983ರಿಂದ 2010ರವರೆಗಿನ ಲೆಕ್ಕ ತೋರಿಸಿತು. ಇದನ್ನು ಬೋರ್ಸ್ಮಾ ಮತ್ತು ಅವರ ಸಹೋದ್ಯೋಗಿ 2014ರಲ್ಲಿ ಪ್ರಕಟಿಸಿದರು.

ಒಂದು ಬಿರುಮಳೆ ಬಂದರೆ ಅದು ಹವಾಮಾನ. ಇಪ್ಪತ್ತೆಂಟು ವರ್ಷ ಸೇರಿಸಿ ನೋಡಿದಾಗ ಕಾಣುವುದು ವಾಯುಗುಣ. ಮೂರೇ ವರ್ಷ ಎಣಿಸಿ ಪುಸ್ತಕ ಮುಚ್ಚಿದ್ದರೆ ಈ ಬದಲಾವಣೆ ಕಾಣುತ್ತಲೇ ಇರಲಿಲ್ಲ.

ಇನ್ನೊಂದು ಮಾತು. ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಮಕ್ಕಳು ತರುವ ಚಿತ್ರಪಟಗಳಲ್ಲಿ ಯಾವ ಪ್ರಾಣಿ ಕಡಿಮೆಯಾದರೂ ಕಾರಣ ಒಂದೇ: ವಾಯುಗುಣ ಬದಲಾವಣೆ. ಬೋರ್ಸ್ಮಾ ಅವರ ಲೆಕ್ಕ ಹಾಗೆ ಹೇಳುವುದಿಲ್ಲ. ಪುಂಟಾ ಟೊಂಬೊದಲ್ಲಿ 100 ಮರಿ ಹುಟ್ಟಿದರೆ ಸರಾಸರಿ 65 ಸಾಯುತ್ತಿದ್ದವು. ಅವುಗಳಲ್ಲಿ 40ರಷ್ಟು ಹಸಿವಿನಿಂದ. ಮಳೆ ಬಿರುಗಾಳಿ ಮತ್ತು ಬಿಸಿಲಿನಿಂದ ಸರಾಸರಿ 7 ಮಾತ್ರ. ಆದರೆ ಒಂದು ವರ್ಷ ಇದೇ ಸಂಖ್ಯೆ 43, ಇನ್ನೊಂದು ವರ್ಷ 50! ಸರಾಸರಿಯನ್ನಷ್ಟೇ ಓದಿದವರಿಗೆ ಆ ಎರಡು ವರ್ಷಗಳು ಕಾಣುವುದಿಲ್ಲ.

ಕಾರಣಗಳನ್ನು ಬೇರೆ ಬೇರೆಯಾಗಿ ಎಣಿಸಿದ್ದರಿಂದ ಒಂದು ದೊಡ್ಡ ಉಪಕಾರವೂ ಆಯಿತು. 1980ರ ದಶಕದಲ್ಲಿ ತೀರದಲ್ಲಿ ಸತ್ತು ಬಿದ್ದ ಪೆಂಗ್ವಿನ್‌ಗಳಲ್ಲಿ ಬಹಳಷ್ಟರ ಮೈಗೆ ಹಡಗಿನ ಎಣ್ಣೆ ಮೆತ್ತಿರುತ್ತಿತ್ತು. ಆ ತೀರದಲ್ಲಿ ವರ್ಷಕ್ಕೆ 40,000ಕ್ಕೂ ಹೆಚ್ಚು ಪೆಂಗ್ವಿನ್‌ಗಳು ಎಣ್ಣೆಯಿಂದ ಸಾಯುತ್ತಿವೆ ಎಂದು ಅಂದಾಜಾಯಿತು. ಈ ಲೆಕ್ಕ ಎದುರಿಗಿದ್ದುದರಿಂದ 1997ರಲ್ಲಿ ಎಣ್ಣೆ ಹಡಗುಗಳ ದಾರಿಯನ್ನು ತೀರದಿಂದ ಇನ್ನಷ್ಟು ದೂರಕ್ಕೆ ಸರಿಸಿದರು. ಎಣ್ಣೆ ಮೆತ್ತಿದ ಹಕ್ಕಿಗಳು ಬಹಳ ಕಡಿಮೆಯಾದವು. ಬಿರುಮಳೆಯನ್ನು ಹೀಗೆ ಒಂದು ಆದೇಶದಿಂದ ಸರಿಸಲು ಬರುವುದಿಲ್ಲ. ಆದ್ದರಿಂದಲೇ ಎಣ್ಣೆ, ಮೀನಿನ ಕೊರತೆಯಂತಹ ಉಳಿದ ತೊಂದರೆಗಳನ್ನಾದರೂ ನಾವು ಬೇಗ ಕಡಿಮೆ ಮಾಡಬೇಕು.

ಹೊಸ ಪ್ರಯೋಗಕ್ಕೆ ಹಣ ಕೊಡುವವರು ಸಿಗುತ್ತಾರೆ. ಹಳೆಯ ಎಣಿಕೆಯನ್ನೇ ಇನ್ನೂ ಹತ್ತು ವರ್ಷ ಮಾಡುತ್ತೇವೆ ಎಂದರೆ ಮುಖ ತಿರುಗಿಸುವವರೇ ಹೆಚ್ಚು. ಇದು ಸರಿಯಲ್ಲ. 2019ರ ಜನವರಿ 19ರಂದು ಪುಂಟಾ ಟೊಂಬೊದಲ್ಲಿ ನೆರಳಿನಲ್ಲೇ 44 ಡಿಗ್ರಿ ಸೆಲ್ಸಿಯಸ್ ತಾಪವಿತ್ತು. ಸಂಶೋಧಕರ ಪುಸ್ತಕದಲ್ಲಿ ಅಷ್ಟು ತಾಪ ಹಿಂದೆಂದೂ ದಾಖಲಾಗಿರಲಿಲ್ಲ. ಎಣಿಸುವವರು ಆ ವರ್ಷವೂ ಅಲ್ಲಿದ್ದರು. ಅಂದು ಸತ್ತ 354 ಪೆಂಗ್ವಿನ್‌ಗಳನ್ನು ಎಣಿಸಿ ಬರೆದುಕೊಂಡರು. ಅವುಗಳಲ್ಲಿ ಹೆಚ್ಚಿನವು ಮರಿಗಳಲ್ಲ, ದೊಡ್ಡ ಹಕ್ಕಿಗಳು.